ಕಿರ್ದಿಯಿಂದ ಕಂಪ್ಯೂಟರಿಗೆ: ನಮ್ಮ ಸೊಸೈಟಿ ಸಿಬ್ಬಂದಿಗೆ ಕೊಡಿಸಿದ ಮೂರು ದಿನದ ತರಬೇತಿ

ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳನ್ನು 2,516 ಕೋಟಿ ರೂಪಾಯಿ ವೆಚ್ಚದಲ್ಲಿ ಗಣಕೀಕರಿಸುವ ಯೋಜನೆಗೆ ಕೇಂದ್ರ ಸಚಿವ ಸಂಪುಟ 2022ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ನಾನು ನಿರ್ದೇಶಕನಾಗಿರುವ ಸಂಘಕ್ಕೂ ಯಂತ್ರ, ತಂತ್ರಾಂಶ ಎರಡೂ ಬಂದವು. ಆದರೆ ಸಿಬ್ಬಂದಿ ತಿಂಗಳುಗಟ್ಟಲೆ ಕೈಬರಹದ ಕಿರ್ದಿಯನ್ನೇ (ದಿನದ ಜಮಾ-ಖರ್ಚಿನ ಪುಸ್ತಕ) ನಂಬಿ, ಸಂಜೆಯ ಶಿಲ್ಕನ್ನು (ಉಳಿಕೆ ಹಣ) ಅದರಲ್ಲೇ ತಾಳೆ ನೋಡುತ್ತಿದ್ದರು. ಕೊನೆಗೆ ಆಡಳಿತ ಮಂಡಳಿ ಖಾಸಗಿ ಸಂಸ್ಥೆಯೊಂದನ್ನು ಕರೆಸಿತು.

ಮೊದಲ ದಿನ ತರಬೇತುದಾರರು ಕಂಪ್ಯೂಟರನ್ನು ಮುಟ್ಟಲೇ ಇಲ್ಲ. ಒಬ್ಬೊಬ್ಬರ ಮೇಜಿನ ಬಳಿಯೂ ಕುಳಿತು ಅವರ ತೊಡಕೇನೆಂದು ಕೇಳಿದರು. ವಯಸ್ಸಾದವರಿಗೆ ಕಲಿಯುವ ಮನಸ್ಸಿಲ್ಲವೆಂದು ನಾವು ನಿರ್ದೇಶಕರು ತಿಳಿದಿದ್ದು ತಪ್ಪೆಂದು ಅಂದೇ ಗೊತ್ತಾಯಿತು. ಹಳೆಯ ಲೆಡ್ಜರಿನ ಸದಸ್ಯವಾರು ಬಾಕಿಗೂ ಒಟ್ಟು ಮೊತ್ತಕ್ಕೂ ಎಲ್ಲಾದರೂ ವ್ಯತ್ಯಾಸವಿದ್ದರೆ, ತಾವು ಕೆಲಸಕ್ಕೆ ಸೇರುವ ಮೊದಲೇ ಆದ ಆ ತಪ್ಪು ಲೆಕ್ಕಪರಿಶೋಧನೆಯಲ್ಲಿ ಅದನ್ನು ಕಂಪ್ಯೂಟರಿಗೆ ನಮೂದಿಸಿದ ತಮ್ಮ ತಲೆಗೇ ಬರುತ್ತದೆಯೆಂಬುದು ಹಿರಿಯ ಗುಮಾಸ್ತರ ಅಂಜಿಕೆಯಾಗಿತ್ತು. ಅದು ಹಟವಲ್ಲ, ನ್ಯಾಯವಾದ ಪ್ರಶ್ನೆ. ಆರಂಭಿಕ ಶಿಲ್ಕಿನ, ಅಂದರೆ ಕಂಪ್ಯೂಟರಿಗೆ ಮೊದಲು ಏರಿಸುವ ಹಳೆಯ ಬಾಕಿಗಳ ಪಟ್ಟಿಗೆ ಮಂಡಳಿಯೇ ಸಹಿ ಹಾಕಬೇಕೆಂದು ತರಬೇತುದಾರರು ಸೂಚಿಸಿದರು, ಹಾಕಿದೆವು. ಆ ಗುಮಾಸ್ತರು ಮರುದಿನವೇ ಕೀಲಿಮಣೆಯ ಮುಂದೆ ಕುಳಿತರು. ನನ್ನ ಮಟ್ಟಿಗೆ ಕೊಟ್ಟ ಶುಲ್ಕ ಅಲ್ಲಿಗೇ ಸಂದಿತು.

ಅಮೆರಿಕದ ವರ್ಜೀನಿಯಾದ ಪೈಜಾಮ ಕಾರ್ಖಾನೆಯೊಂದರಲ್ಲಿ ಕಾಚ್ ಮತ್ತು ಫ್ರೆಂಚ್ ಎಂಬ ಸಂಶೋಧಕರು ನಡೆಸಿ, 1948ರಲ್ಲಿ ಪ್ರಕಟಿಸಿದ ಅಧ್ಯಯನವನ್ನೂ ತರಬೇತುದಾರರು ವಿವರಿಸಿದರು. ಕೆಲಸದ ವಿಧಾನದ ಬದಲಾವಣೆಯನ್ನು ಬರಿದೇ ತಿಳಿಸಲಾದ ಗುಂಪಿನಲ್ಲಿ 40 ದಿನಗಳೊಳಗೆ ನೂರಕ್ಕೆ 17 ಮಂದಿ ಕೆಲಸ ಬಿಟ್ಟರೆ, ಹೊಸ ವಿಧಾನವನ್ನು ಎಲ್ಲರೂ ಸೇರಿ ರೂಪಿಸಿದ ಗುಂಪುಗಳಲ್ಲಿ ಒಬ್ಬರೂ ಬಿಡಲಿಲ್ಲವಂತೆ. ಈ ಮಾತನ್ನು ಸಿಬ್ಬಂದಿಗಿಂತ ಮೊದಲು ನಿರ್ದೇಶಕರಿಗೆ ಹೇಳಬೇಕಿತ್ತು.

ಕೊರತೆಗಳೂ ಇವೆ. ಕೈಪಿಡಿ ಇಂಗ್ಲಿಷಿನಲ್ಲಿತ್ತು. ಸಾಲ ವಸೂಲಾತಿಯ ಒತ್ತಡವಿರುವ ಮಾರ್ಚ್ ತಿಂಗಳಲ್ಲೇ ತರಬೇತಿ ಇಟ್ಟುಕೊಂಡರು. ಗೊಬ್ಬರ ಮಾರಾಟದ ಭಾಗವನ್ನು ಒಂದೇ ಗಂಟೆಯಲ್ಲಿ ಮುಗಿಸಿದ್ದರಿಂದ, ಮುಂಗಾರಿನಲ್ಲಿ ಕೌಂಟರಿನ ಮುಂದೆ ರೈತರ ಸಾಲು ಬೆಳೆದಾಗ ಅಲ್ಲಿದ್ದ ಹುಡುಗ ಮತ್ತೆ ಕೈರಸೀದಿ ಪುಸ್ತಕವನ್ನೇ ತೆಗೆದ, ಅವನನ್ನು ದೂರಲಾರೆ. ಅಷ್ಟು ಹೊತ್ತಿಗೆ ತರಬೇತುದಾರರು ಫೋನಿನಲ್ಲಿ ಮಾತ್ರ ಸಿಗುತ್ತಿದ್ದರು.

ಇಂಥ ತರಬೇತಿ ಕೊಡಿಸಲಿರುವ ಸಂಘಗಳು, ಮೊದಲ ತಿಂಗಳ ಲೆಕ್ಕ ಮುಗಿಸುವ ದಿನ ತರಬೇತುದಾರರು ಖುದ್ದಾಗಿ ಬಂದು ಕೂರಬೇಕೆಂದು ಕರಾರಿನಲ್ಲೇ ಬರೆಸಿಕೊಳ್ಳುವುದು ಒಳ್ಳೆಯದು.