ಇಎಸ್‌ಲಿಂಟ್-ಪ್ರೆಟಿಯರ್ ಜೋಡಿಯೋ, ಬಯೋಮ್ ಒಂದೇ ಸಾಕೋ? ನಮ್ಮ ಕೋಡಿನ ಮೇಲೆ ಓಡಿಸಿ ನೋಡಿದ್ದು

ಮೈಸೂರಿನ ಸರಸ್ವತಿಪುರಂನಲ್ಲಿ ಒಂದು ಮನೆಯ ಮಹಡಿ ಮೇಲೆ ಕೂತು ನಾವು ನಾಲ್ಕು ಜನ ಬೆಲ್ಲದ ಮಂಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಬರೆಯುತ್ತೇವೆ. ತೂಕ, ಚೀಟಿ, ಮುಂಗಡ, ಬಾಕಿ. ಸರ್ವರ್ ಕಡೆ ಪೈಥಾನ್, ಸ್ಕ್ರೀನ್ ಕಡೆ ಟೈಪ್‌ಸ್ಕ್ರಿಪ್ಟ್. ಎರಡು ವರ್ಷ ಕೋಡಿನಲ್ಲಿ ತಪ್ಪು ಹುಡುಕುವ ಲಿಂಟರೂ ಇಲ್ಲ, ಸಾಲುಗಳನ್ನು ಒಂದೇ ರೀತಿ ಜೋಡಿಸುವ ಫಾರ್ಮ್ಯಾಟರೂ ಇಲ್ಲ. ಸಾಲಿನ ಮುಂದೆ ಜಾಗ ಬಿಡಲು ಒಬ್ಬರದು ಟ್ಯಾಬ್, ಒಬ್ಬರದು ಎರಡು ಸ್ಪೇಸ್, ನನ್ನದು ನಾಲ್ಕು. ರಿವ್ಯೂಗೆ ಬಂದದ್ದನ್ನು ತೆರೆದರೆ ನಿಜಕ್ಕೂ ಬದಲಾದ ಸಾಲು ಮೂರು, ಕೆಂಪು-ಹಸಿರಾದ ಸಾಲು ಮುನ್ನೂರು. ಮಂಡ್ಯದಿಂದ ದಿನಾ ರೈಲಲ್ಲಿ ಬರುವ ನಮ್ಮ ಹುಡುಗ ಒಂದು ದಿನ ರೇಗಿಯೇಬಿಟ್ಟ: "ಏನಣ್ಣ ಇದು, ನಾನ್ ಮುಟ್ಟೇ ಇಲ್ಲ, ಫೈಲೆಲ್ಲ ನನ್ ಹೆಸ್ರಲ್ಲೈತೆ!" ಅವನ ಎಡಿಟರ್ ಪ್ರತಿ ಸಲ ಸೇವ್ ಮಾಡಿದಾಗಲೂ ತನ್ನಿಷ್ಟದಂತೆ ಸಾಲು ಜೋಡಿಸಿಡುತ್ತಿತ್ತು.

ಪೈಥಾನ್ ಭಾಗದ ಮಾತು ಬೇಗ ಮುಗಿಯುತ್ತದೆ. ಮೊದಲು ಹಾಕಿದ್ದು ಹಳೆಯ ತ್ರಿವಳಿ: ಜೋಡಿಸಲು ಬ್ಲ್ಯಾಕ್, ಇಂಪೋರ್ಟ್ ಸಾಲುಗಳಿಗೆ ಐಸಾರ್ಟ್, ತಪ್ಪು ಹುಡುಕಲು ಫ್ಲೇಕ್8. ಮೂರಕ್ಕೂ ಒಂದಕ್ಕೊಂದು ಪರಿಚಯವಿಲ್ಲ. ಬ್ಲ್ಯಾಕ್ 88 ಅಕ್ಷರದವರೆಗೆ ಬಿಡುತ್ತದೆ, ಫ್ಲೇಕ್8 79 ದಾಟಿದರೆ ಗೊಣಗುತ್ತದೆ. ಕನ್ನಡ ಇದ್ದ ಕಡೆ ಇನ್ನೂ ತಮಾಷೆ. "ಕಬ್ಬು" ನಮ್ಮ ಕಣ್ಣಿಗೆ ಎರಡು ಅಕ್ಷರ, ಒತ್ತು-ಗುಣಿತ ಬಿಡಿಸಿ ಎಣಿಸುವ ಫ್ಲೇಕ್8ಗೆ ಐದು. ಚೀಟಿಯ ಮೇಲೆ ಅಚ್ಚಾಗುವ ಪುಟ್ಟ ವಾಕ್ಯವೂ ಅದರ ಲೆಕ್ಕದಲ್ಲಿ ಉದ್ದ ಸಾಲು. ಸ್ಟ್ರಿಂಗ್ (ಕೋಡಿನೊಳಗೆ ಬರೆದ ಇಂಥ ವಾಕ್ಯ) ಒಡೆಯುವುದು ಬ್ಲ್ಯಾಕ್‌ನ ಜಾಯಮಾನವಲ್ಲ. ನಡುವೆ ಸಿಕ್ಕಿಕೊಂಡವರು ನಾವು.

ಆಮೇಲೆ ರಫ್ ಹಾಕಿದೆವು. 2022ರಲ್ಲಿ ಚಾರ್ಲಿ ಮಾರ್ಷ್ ಶುರು ಮಾಡಿದ, ರಸ್ಟ್ ಭಾಷೆಯಲ್ಲಿ ಬರೆದ ಟೂಲ್ ಇದು. 2023ರಿಂದ ಫಾರ್ಮ್ಯಾಟರೂ ಅದರೊಳಗೇ ಇದೆ, ಫಲಿತಾಂಶ ಹೆಚ್ಚುಕಡಿಮೆ ಬ್ಲ್ಯಾಕ್‌ನದ್ದೇ. ಸಾಲಿನ ಉದ್ದದ ತಕರಾರು ನಾವಾಗಿ ಕೇಳಿದರೆ ಮಾತ್ರ ತೆಗೆಯುತ್ತದೆ. ಮೂರು ಟೂಲ್ ಹೋಗಿ ಒಂದಾಯಿತು. ಈ ವಿಷಯದಲ್ಲಿ ನಮ್ಮಲ್ಲಿ ಜಗಳವೇ ಆಗಲಿಲ್ಲ.

ಜಗಳ ಆದದ್ದು ಟೈಪ್‌ಸ್ಕ್ರಿಪ್ಟ್‌ಗೆ. ತಪ್ಪು ಹುಡುಕುವ ಇಎಸ್‌ಲಿಂಟ್ 2013ರದು, ಸಾಲು ಜೋಡಿಸುವ ಪ್ರೆಟಿಯರ್ 2017ರದು. ಎಲ್ಲರ ಪ್ರಾಜೆಕ್ಟ್‌ನಲ್ಲೂ ಕಾಣುವ ಜೋಡಿ. ನಾನು ಅದರ ಪಕ್ಷ. ಆದರೆ ಕೂರಿಸುವುದಕ್ಕೇ ಒಂದು ಶನಿವಾರ ಹೋಯಿತು. ಟೈಪ್‌ಸ್ಕ್ರಿಪ್ಟ್‌ಗೆ ಒಂದು ಪ್ಲಗಿನ್ (ಟೈಪ್‌ಸ್ಕ್ರಿಪ್ಟ್-ಇಎಸ್‌ಲಿಂಟ್), ರಿಯಾಕ್ಟ್‌ಗೆ ಇನ್ನೊಂದು, ಎರಡೂ ಟೂಲ್ ಒಂದೇ ಸಾಲಿಗೆ ಕಿತ್ತಾಡದಂತೆ ಇಎಸ್‌ಲಿಂಟ್‌ನ ಜೋಡಣೆ ನಿಯಮಗಳನ್ನು ಆಫ್ ಮಾಡುವ ಮತ್ತೊಂದು ಪ್ಯಾಕೇಜ್, ಕಮಿಟ್ ಹೊತ್ತಿಗೆ, ಅಂದರೆ ಬದಲಾವಣೆಯನ್ನು ಗಿಟ್‌ನ ದಾಖಲೆಗೆ ಸೇರಿಸುವಾಗ, ಇವನ್ನು ತಾನಾಗೇ ಓಡಿಸುವ ಹುಕ್‌ಗೆ ಹಸ್ಕಿ, ಲಿಂಟ್-ಸ್ಟೇಜ್ಡ್. 2024ರ ಏಪ್ರಿಲ್‌ನಲ್ಲಿ ಬಂದ ಇಎಸ್‌ಲಿಂಟ್ 9 ಕಾನ್ಫಿಗ್ (ಸೆಟ್ಟಿಂಗ್ ಫೈಲ್) ಬರೆಯುವ ರೀತಿಯನ್ನೇ ಬದಲಿಸಿತು. ಹುಡುಕಿ ತಂದ ಉದಾಹರಣೆಗಳಲ್ಲಿ ಅರ್ಧ ಹಳೇ ರೀತಿಯವು, ಹಾಕಿದರೆ ಓಡುವುದಿಲ್ಲ.

ಆದರೂ ಮೊದಲ ದಿನವೇ ಅದು ತನ್ನ ಕೂಲಿ ದುಡಿದುಕೊಂಡಿತು. ಪಾಂಡವಪುರ, ನಾಗಮಂಗಲ ಕಡೆಯ ಗಿರಾಕಿಗಳನ್ನು ಮಾತ್ರ ತೋರಿಸಲು ನಾನೇ ಹಿಂದೆ ಒಂದು ರೆಗ್ಯುಲರ್ ಎಕ್ಸ್‌ಪ್ರೆಶನ್ (ಅಕ್ಷರಗಳ ಮಾದರಿ ಹುಡುಕುವ ಸೂತ್ರ) ಬರೆದಿದ್ದೆ: ^[ಪಾನಾ]. "ಪಾ" ಅಥವಾ "ನಾ"ದಿಂದ ಶುರುವಾಗುವ ಊರು ಎಂಬುದು ನನ್ನ ಲೆಕ್ಕ. ಚೌಕ ಕಂಸದೊಳಗೆ ಕಂಪ್ಯೂಟರ್ ಅದನ್ನು ಪ, ದೀರ್ಘದ ಚಿಹ್ನೆ, ನ, ಮತ್ತೆ ದೀರ್ಘದ ಚಿಹ್ನೆ ಎಂದು ಬಿಡಿಬಿಡಿಯಾಗಿ ಓದಿ, ಅವುಗಳಲ್ಲಿ ಯಾವುದೊಂದು ಮೊದಲಿದ್ದರೂ ಸರಿ ಎನ್ನುತ್ತದೆ. ಹಾಗಾಗಿ ಪಿರಿಯಾಪಟ್ಟಣವೂ ನಂಜನಗೂಡೂ ಪಟ್ಟಿಯೊಳಗೆ ಬಂದು ಕೂರುತ್ತಿದ್ದವು. ಹೆಚ್ಚುವರಿ ಹೆಸರು ಬರುತ್ತವೆ ಎಂದು ಗಿರಾಕಿ ಫೋನ್ ಮಾಡಿದಾಗಲೆಲ್ಲ ಡೇಟಾ ತಪ್ಪಿರಬೇಕು ಎಂದು ನಾನು ಸಾಗಹಾಕಿದ್ದೆ. ಇಎಸ್‌ಲಿಂಟ್‌ನಲ್ಲಿ ಇದನ್ನೇ ಹಿಡಿಯುವ ನಿಯಮ ಇದೆ, ಅದೂ ಶಿಫಾರಸು ಪಟ್ಟಿಯಲ್ಲೇ. ಈ ಜೋಡಿಯ ಎದುರಾಳಿ ಬಯೋಮ್‌ನಲ್ಲೂ ಅದೇ ಹೆಸರಿನ ನಿಯಮ ಉಂಟು, ಆದರೆ ಅದರ ಸರದಿ ಬರುವ ಹೊತ್ತಿಗೆ ನಾನು ಆ ಸಾಲನ್ನು ಯಾರಿಗೂ ಹೇಳದೆ ತಿದ್ದಿಬಿಟ್ಟಿದ್ದೆ.

ಇಷ್ಟಾಗಿಯೂ ಜೋಡಿ ಸೋತದ್ದು ವೇಗದಲ್ಲಿ. ಟೈಪ್ ಮಾಹಿತಿ (ಯಾವುದು ಸಂಖ್ಯೆ, ಯಾವುದು ಪದ ಎಂಬಂಥದು) ಬೇಕಾಗುವ ನಿಯಮಗಳನ್ನು ಹಾಕಿದ ಮೇಲೆ, ಒಂದು ಫೈಲ್ ತಿದ್ದಿದರೂ ಅದು ಇಡೀ ಪ್ರಾಜೆಕ್ಟಿನ ಟೈಪ್‌ಗಳನ್ನು ಓದಿಕೊಂಡೇ ಬಾಯಿ ಬಿಡುತ್ತದೆ. ನನ್ನ ಹೊಸ ಲ್ಯಾಪ್‌ಟಾಪ್‌ನಲ್ಲಿ ಸಹಿಸಬಹುದು. ಹುಡುಗನ ಹಳೇ ಡಬ್ಬದಲ್ಲಿ, ಕಮಿಟ್ ಒತ್ತಿದಾಗ ರೈಲು ಶ್ರೀರಂಗಪಟ್ಟಣದಲ್ಲಿದ್ದರೆ, ಮುಗಿಯುವಷ್ಟರಲ್ಲಿ ನಾಗನಹಳ್ಳಿ ಬಂದೇಬಿಟ್ಟಿರುತ್ತದೆ ಎಂದು ಅವನ ದೂರು. ಸ್ವಲ್ಪ ಉತ್ಪ್ರೇಕ್ಷೆ ಇರಬಹುದು. ಆದರೆ ಎರಡನೇ ವಾರಕ್ಕೇ ಅವನು ನೋ-ವೆರಿಫೈ ಹಾಕಿ ಹುಕ್ ದಾಟಿಸುವುದನ್ನು ಕಲಿತಿದ್ದ, ಮೂರನೇ ವಾರಕ್ಕೆ ಉಳಿದಿಬ್ಬರಿಗೂ ಕಲಿಸಿದ್ದ. ಹಾಗಾದರೆ ಹುಕ್ ಯಾಕೆ, ಎಲ್ಲವನ್ನೂ ಪುಶ್ ಆದಮೇಲೆ ಸಿಐನಲ್ಲೇ (ಕೋಡು ಸರ್ವರ್‌ಗೆ ಹೋದ ಮೇಲೆ ಅಲ್ಲಿ ತಾನಾಗಿ ನಡೆಯುವ ತಪಾಸಣೆ) ನೋಡಿಕೊಳ್ಳೋಣ ಎಂದೆ. ಅದಕ್ಕೂ ಹುಡುಗ ಒಪ್ಪಲಿಲ್ಲ. ಅವರ ಮನೆಯಲ್ಲಿ ಆಲೆಮನೆ ಇದೆ. "ಕೊಪ್ಪರಿಗೇಲಿ ಕುದಿಯೋವಾಗ್ಲೇ ಮಡ್ಡಿ ತೆಗೀಬೇಕು ಕಣಣ್ಣ, ಅಚ್ಚಿಗೆ ಹುಯ್ದ್ಮೇಲೆ ಏನ್ ತೆಗ್ದೀಯಾ?" ನನ್ನ ಬಳಿ ಉತ್ತರ ಇರಲಿಲ್ಲ.

ಹೀಗೆ ಬಯೋಮ್ ಒಳಗೆ ಬಂತು. ರೋಮ್ ಎಂಬ ಪ್ರಾಜೆಕ್ಟ್ ನಿಂತಾಗ ಅದರ ಕೋಡನ್ನೇ ಎತ್ತಿಕೊಂಡು 2023ರಲ್ಲಿ ಹುಟ್ಟಿದ್ದು, ಇದೂ ರಸ್ಟ್‌ನದೇ. ಒಂದು ಪ್ಯಾಕೇಜ್, ಒಂದು ಕಾನ್ಫಿಗ್ ಫೈಲ್, ಲಿಂಟರ್-ಫಾರ್ಮ್ಯಾಟರ್ ಎರಡೂ ಅದರಲ್ಲೇ. ಎಂಟರ್ ಒತ್ತಿ ಬೆರಳು ಎತ್ತುವಷ್ಟರಲ್ಲಿ ಮುಗಿದಿರುತ್ತದೆ. ಮೊದಲ ಸಲ ಓಡಲೇ ಇಲ್ಲವೇನೋ ಎಂದು ಇನ್ನೊಮ್ಮೆ ಒತ್ತಿದ್ದೆ. ಒಂದು ಕಡೆ ಎಡವಿದೆವು. ಪ್ರೆಟಿಯರ್ ಸುಮ್ಮನೆ ಬಿಟ್ಟರೆ ಎರಡು ಸ್ಪೇಸ್, ಬಯೋಮ್ ಸುಮ್ಮನೆ ಬಿಟ್ಟರೆ ಟ್ಯಾಬ್. ಮೈಗ್ರೇಟ್ ಕಮಾಂಡ್ ಓಡಿಸಿದ್ದರೆ ಹಳೇ ಸೆಟ್ಟಿಂಗ್ ಅದೇ ಎತ್ತಿಕೊಳ್ಳುತ್ತಿತ್ತು. ನಾವು ಓಡಿಸದೆ ಇಡೀ ಪ್ರಾಜೆಕ್ಟನ್ನು ಇನ್ನೊಮ್ಮೆ ಕೆಂಪು-ಹಸಿರು ಮಾಡಿದೆವು.

ಬಯೋಮ್‌ನ ಕೊರತೆ ಎರಡು. ನಾವು ನೋಡಿದಾಗ ಅದು ಯಾಮಲ್, ಮಾರ್ಕ್‌ಡೌನ್ ಫೈಲ್‌ಗಳನ್ನು ಮುಟ್ಟುತ್ತಿರಲಿಲ್ಲ. ಪ್ರೆಟಿಯರ್ ಅವನ್ನೂ ಜೋಡಿಸುತ್ತದೆ. ಇದು ಸಣ್ಣದು. ದೊಡ್ಡದು ಅವೇಟ್ (ಈ ಕೆಲಸ ಮುಗಿಯುವವರೆಗೆ ಕಾಯಿ ಎನ್ನುವ ಪದ) ಮರೆತದ್ದನ್ನು ಹಿಡಿಯುವ ವಿಷಯ. ಮುಂಗಡ ಸೇವ್ ಆಗುವ ಮೊದಲೇ ಚೀಟಿ ಅಚ್ಚಾಗಿ, ನೆಟ್‌ವರ್ಕ್ ಹೋಗಿ, ಚೀಟಿಯಲ್ಲಿದ್ದ ದುಡ್ಡು ಲೆಕ್ಕದಲ್ಲಿ ಇಲ್ಲದ ಪ್ರಸಂಗ ನಮ್ಮಲ್ಲಿ ನಡೆದಿದೆ. ಟೈಪ್‌ಸ್ಕ್ರಿಪ್ಟ್-ಇಎಸ್‌ಲಿಂಟ್ ಅದನ್ನು ಚೆನ್ನಾಗಿ ಹಿಡಿಯುತ್ತದೆ. 2025ರ ಜೂನ್‌ನಲ್ಲಿ ಬಂದ ಬಯೋಮ್ 2ರಲ್ಲೂ ಅಂಥ ನಿಯಮ ಇದೆ, ಆದರೆ ಅವರೇ ಅದನ್ನು ನರ್ಸರಿ ಎಂಬ, ಇನ್ನೂ ಪಕ್ವವಾಗದ ನಿಯಮಗಳ ಗುಂಪಿನಲ್ಲಿ ಇಟ್ಟಿದ್ದರು. ನರ್ಸರಿಯಲ್ಲಿರುವವರ ಕೈಗೆ ದುಡ್ಡಿನ ಲೆಕ್ಕ ಕೊಡಲು ನನಗೆ ಧೈರ್ಯ ಬರಲಿಲ್ಲ.

ಈಗ ಹುಕ್‌ನಲ್ಲಿ ಬಯೋಮ್ ಮತ್ತು ರಫ್, ಕಮಿಟ್‌ಗೆ ಸೇರಿಸಿದ ಫೈಲ್‌ಗಳ ಮೇಲೆ ಮಾತ್ರ. ಇಎಸ್‌ಲಿಂಟ್ ಸಿಐನಲ್ಲಿ, ಟೈಪ್ ಬೇಡುವ ನಾಲ್ಕೇ ನಿಯಮಗಳೊಂದಿಗೆ. ಅದು ಎಷ್ಟು ಹೊತ್ತು ತೆಗೆದುಕೊಂಡರೂ ಯಾರೂ ಕಾಯುತ್ತಾ ಕೂರುವುದಿಲ್ಲ. ಪ್ರೆಟಿಯರ್ ತೆಗೆದೆವು, ಯಾಮಲ್ ಕೈಯಲ್ಲೇ ನೇರ ಮಾಡಿಕೊಳ್ಳುತ್ತೇವೆ. ನೋ-ವೆರಿಫೈ ಯಾರೂ ಹಾಕುತ್ತಿಲ್ಲ.

ಇಡೀ ಕೋಡನ್ನು ಒಂದೇ ಏಟಿಗೆ ಜೋಡಿಸಿದ ಕಮಿಟ್ ಒಂದು ಭಾನುವಾರ ನಾನೇ ಹಾಕಿದೆ, ಬೇರೆ ಯಾವ ಬದಲಾವಣೆಯೂ ಅದರಲ್ಲಿ ಬೆರೆಯದಂತೆ. ಯಾವ ಸಾಲು ಯಾರದು ಎಂದು ತೋರಿಸುವ ಬ್ಲೇಮ್ ನೋಡುವಾಗ ಅದನ್ನು ಲೆಕ್ಕಕ್ಕೆ ಹಿಡಿಯದಿರಲು 2019ರ ಗಿಟ್ 2.23ರಿಂದ ಒಂದು ಸೌಲಭ್ಯ ಇದೆ: ಕಮಿಟ್‌ನ ಸಂಖ್ಯೆಯನ್ನು ಒಂದು ಫೈಲ್‌ನಲ್ಲಿ ಬರೆದು, ಆ ಫೈಲ್ ಎಲ್ಲಿದೆ ಎಂದು ಪ್ರತಿಯೊಬ್ಬರೂ ತಮ್ಮ ಗಿಟ್‌ಗೆ ಒಮ್ಮೆ ಹೇಳಬೇಕು. ಮಂಡ್ಯದ ಹುಡುಗ ಮಾತ್ರ ಇನ್ನೂ ಹೇಳಿಲ್ಲ. ಅವನ ಲ್ಯಾಪ್‌ಟಾಪ್‌ನಲ್ಲಿ ಈಗ ಫೈಲೆಲ್ಲ ನನ್ನ ಹೆಸರಲ್ಲಿದೆ.