ಬೋರ್ಡಿಲ್ಲದ ಸೈಕಲ್ ಅಂಗಡಿ: ಬೆಟ್ಟದ ದಾರಿ ಹಿಡಿಯುವ ಮುಂಚೆ ಇಲ್ಲಿಗೆ ಹೋಗಿ

ಮೈಸೂರಿನ ಮಂಡಿ ಮೊಹಲ್ಲಾದಲ್ಲಿ, ಅಶೋಕ ರಸ್ತೆಯಿಂದ ಒಳಗೆ ಹೋಗುವ ಒಂದು ಗಲ್ಲಿಯಲ್ಲಿ ಈ ಸೈಕಲ್ ರಿಪೇರಿ ಅಂಗಡಿ ಇದೆ. ಬೋರ್ಡ್ ಇಲ್ಲ. ಬಾಗಿಲ ಮೇಲೆ ಹಳೆ ಟೈರುಗಳು ನೇತಾಡುತ್ತಿರುತ್ತವೆ, ಅದೇ ಗುರುತು. ಒಳಗೆ ಎರಡು ಸೈಕಲ್ ನಿಲ್ಲಿಸಿದರೆ ಮೂರನೆಯದು ಬೀದಿಯಲ್ಲೇ. ಕೆಲಸ ಮಾಡುವವರು ಯಜಮಾನರು ಮತ್ತು ಅವರ ಮಗ, ಇಬ್ಬರೇ. ಕೊಡಗಿನಿಂದ ಚಿಕ್ಕಮಗಳೂರಿನ ತನಕ ಒಬ್ಬಳೇ ಸೈಕಲ್ ತುಳಿದು ಬಂದಿದ್ದೇನೆ. ಆ ಧೈರ್ಯದಲ್ಲೇ ಹೇಳುತ್ತೇನೆ: ಲಗೇಜು ಕಟ್ಟಿಕೊಂಡು ಬೆಟ್ಟ ಹತ್ತುವ ಆಸೆ ಇರುವವರು ಹೊಸ ಸೈಕಲ್ ಕೊಳ್ಳುವ ಮುಂಚೆ ಹಳೆಯದನ್ನು ಒಂದು ಸಲ ಇಲ್ಲಿಗೆ ತನ್ನಿ.

ನಾನು ಮಂಡ್ಯದವಳು, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ನನ್ನ ಸೈಕಲ್ ಸಾಧಾರಣದ್ದು. ಸ್ಟೀಲ್ ಫ್ರೇಮ್, ಮುಂದೆ ಮೂರು, ಹಿಂದೆ ಏಳು ಗೇರ್, ರಿಮ್ ಹಿಡಿಯುವ ಬ್ರೇಕ್. ಮೊದಲು ಒಂದು ದೊಡ್ಡ ಶೋರೂಮಿಗೆ ಹೋಗಿದ್ದೆ. ಅಲ್ಲಿನವರು ಸೈಕಲ್ ಕಡೆ ಒಂದು ಸಲ ನೋಡಿ, "ಇದರಲ್ಲಿ ಘಾಟಿ ಹತ್ತೋಕಾಗಲ್ಲ ಮೇಡಂ, ಎಕ್ಸ್‌ಚೇಂಜ್ ಮಾಡಿಬಿಡಿ" ಅಂದರು. ಅರವತ್ತು ಸಾವಿರದ ಸೈಕಲ್ ತೋರಿಸಿದರು. ಯಾವ ಕಡೆ ಹೋಗ್ತೀರಿ ಅಂತ ಮಾತ್ರ ಯಾರೂ ಕೇಳಲಿಲ್ಲ.

ಮಂಡಿ ಮೊಹಲ್ಲಾದ ಯಜಮಾನರು ಕೇಳಿದ ಮೊದಲ ಪ್ರಶ್ನೆಯೇ "ಯಾವ ರೋಡು ಮೇಡಂ?" ಹುಣಸೂರು, ಕುಶಾಲನಗರ, ಮಡಿಕೇರಿ, ಅಲ್ಲಿಂದ ಸೋಮವಾರಪೇಟೆ, ಶನಿವಾರಸಂತೆ, ಕೊಡ್ಲಿಪೇಟೆ, ಸಕಲೇಶಪುರ, ಮೂಡಿಗೆರೆ, ಚಿಕ್ಕಮಗಳೂರು, ಕೊನೆಗೆ ಮುಳ್ಳಯ್ಯನಗಿರಿ ಅಂದೆ. "ಲೋಡ್ ಎಷ್ಟು?" ಹಿಂದಿನ ಕ್ಯಾರಿಯರ್‌ಗೆ ಎರಡು ಬ್ಯಾಗು, ಸುಮಾರು ಹನ್ನೆರಡು ಕೆಜಿ. "ಜೊತೆಗೆ ಯಾರು?" ಯಾರೂ ಇಲ್ಲ. ಸಾಮಾನ್ಯವಾಗಿ ಈ ಉತ್ತರ ಕೇಳಿದ ಕೂಡಲೇ ಜನ ಉಪದೇಶ ಶುರು ಮಾಡುತ್ತಾರೆ. ಹೆಂಗಸು, ಕಾಡು, ಆನೆ, ಕಾಲ ಸರಿ ಇಲ್ಲ. ಇವರು ಅದೇನೂ ಹೇಳಲಿಲ್ಲ. "ಹಂಗಾದ್ರೆ ರಿಪೇರಿ ನಿಮಗೇ ಬರಬೇಕು. ಶನಿವಾರ ಮಧ್ಯಾಹ್ನ ಬನ್ನಿ, ಕೂತ್ಕೊಂಡು ನೋಡಿ" ಅಂದರು. ಅಂಗಡಿಯ ಬಗ್ಗೆ ನನಗೆ ಗೌರವ ಹುಟ್ಟಿದ್ದು ಆ ಮಾತಿನಿಂದ.

ಶನಿವಾರ ಸ್ಕೂಲ್ ಮುಗಿಸಿ ಸೈಕಲ್‌ನಲ್ಲೇ ಹೋದೆ. ಮಂಡ್ಯದಿಂದ ಮೈಸೂರಿಗೆ ಸರ್ವೀಸ್ ರಸ್ತೆಯೇ ಗತಿ. 2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇ ಮೇಲೆ ಬೈಕು, ಆಟೋ, ಸೈಕಲ್ ಬಿಡುವುದಿಲ್ಲ. ನನಗೇನೂ ಬೇಜಾರಿಲ್ಲ, ಅಷ್ಟು ವೇಗದ ಕಾರುಗಳ ಪಕ್ಕದಲ್ಲಿ ತುಳಿಯುವುದಕ್ಕಿಂತ ಇದೇ ವಾಸಿ.

ಯಜಮಾನರು ಮೊದಲು ಕೈಗೆ ತಗೊಂಡಿದ್ದು ಒಂದು ಸ್ಟೀಲ್ ಸ್ಕೇಲು. ಬಟ್ಟೆಯಲ್ಲಿ ಚೈನ್ ಒರೆಸಿ, ಒಂದು ಪಿನ್ನಿನ ಮಧ್ಯಕ್ಕೆ ಸೊನ್ನೆ ಗೆರೆ ಇಟ್ಟರು. ಚೈನಿನಲ್ಲಿ ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು. ಹೊಸದಾಗಿದ್ದರೆ 24 ಕೊಂಡಿ ಸರಿಯಾಗಿ 12 ಇಂಚು ಬರಬೇಕು. ನನ್ನ ಚೈನಿನ ಪಿನ್ನು ಗೆರೆ ದಾಟಿ ಇಂಚಿನ ಎಂಟನೇ ಒಂದು ಭಾಗ ಆಚೆ ಕೂತಿತ್ತು. "ನೀವೇ ನೋಡಿ" ಅಂತ ಸ್ಕೇಲು ನನ್ನ ಕೈಗೆ ಕೊಟ್ಟರು. ಸವೆದ ಚೈನ್ ಉದ್ದವಾಗುತ್ತದೆ, ಉದ್ದವಾದ ಚೈನ್ ಗೇರಿನ ಹಲ್ಲು ತಿನ್ನುತ್ತದೆ, ಕೊನೆಗೆ ಏರಿನಲ್ಲಿ ಬಲ ಹಾಕಿ ತುಳಿಯುವಾಗ ಚೈನ್ ಹಲ್ಲು ತಪ್ಪಿ ಜಾರುತ್ತದೆ. ಇದನ್ನು ಬಾಯಲ್ಲಿ ಹೇಳಿ ಹೊಸ ಚೈನ್ ಮಾರುವವರು ಬೇಕಾದಷ್ಟು ಜನ ಇದ್ದಾರೆ. ಅಳೆದು ತೋರಿಸಿದವರು ಇವರೇ.

ಆಮೇಲೆ ಗೇರ್. ನನ್ನ ಸೈಕಲ್‌ನಲ್ಲಿ ಮುಂದಿನ ಚಿಕ್ಕ ಹಲ್ಲುಚಕ್ರಕ್ಕೆ 28 ಹಲ್ಲು, ಹಿಂದಿನ ಫ್ರೀವೀಲಿನ, ಅಂದರೆ ಹಿಂದಿನ ಹಲ್ಲುಚಕ್ರಗಳ ಗೊಂಚಲಿನ, ದೊಡ್ಡದಕ್ಕೂ 28. ಅಂದರೆ ಅತಿ ಹಗುರ ಗೇರಿನಲ್ಲೂ ಪೆಡಲ್ ಒಂದು ಸುತ್ತಿಗೆ ಸೈಕಲ್ಲಿನ ಹಿಂದಿನ ಚಕ್ರ ಒಂದು ಪೂರ್ತಿ ಸುತ್ತು, ಸುಮಾರು 2.2 ಮೀಟರ್. ಯಜಮಾನರು ಫ್ರೀವೀಲ್ ಬದಲಾಯಿಸಿ 34 ಹಲ್ಲಿನದು ಹಾಕಿದರು. ಈಗ ಒಂದು ಸುತ್ತಿಗೆ 1.8 ಮೀಟರ್. ನಾನು ಅಲ್ಲೇ ಬಿಲ್ಲಿನ ಹಿಂದೆ ಲೆಕ್ಕ ಹಾಕಿದೆ. ನಿಮಿಷಕ್ಕೆ 60 ಸುತ್ತು ತುಳಿದರೆ ಮೊದಲು ಗಂಟೆಗೆ ಸುಮಾರು 8 ಕಿಲೋಮೀಟರ್ ವೇಗ ಇಟ್ಟುಕೊಳ್ಳಲೇಬೇಕಿತ್ತು, ಈಗ ಆರೂವರೆಗೆ ಇಳಿದರೂ ಕಾಲು ಅದೇ ಲಯದಲ್ಲಿ ತಿರುಗುತ್ತದೆ. ಕೇಳುವುದಕ್ಕೆ ಸಣ್ಣ ವ್ಯತ್ಯಾಸ. ಆದರೆ ಹನ್ನೆರಡು ಕೆಜಿ ಹೊತ್ತು ಹತ್ತುವಾಗ ಮಂಡಿ ಉಳಿಯುವುದೂ ನೋಯುವುದೂ ಈ ಒಂದೂವರೆ ಕಿಲೋಮೀಟರ್ ಮೇಲೆಯೇ. ಇಷ್ಟಕ್ಕೂ ಅರವತ್ತು ಸಾವಿರ ಬೇಕಾಗಲಿಲ್ಲ. ಫ್ರೀವೀಲ್, ಚೈನ್, ಬ್ರೇಕ್ ಪ್ಯಾಡ್, ಕೇಬಲ್‌ಗಳು, ಮಜೂರಿ ಎಲ್ಲಾ ಸೇರಿ 3,150 ರೂಪಾಯಿ.

ಇನ್ನೇನು ಹೊರಡಬೇಕು ಅನ್ನುವಾಗ ತಡೆದರು. "ಎರಡೂ ಬ್ಯಾಗಿಗೆ ಅಕ್ಕಿ ತುಂಬಿ ಚಾಮುಂಡಿ ಬೆಟ್ಟ ಹತ್ತಿ ಇಳಿದು ಬನ್ನಿ. ಆಮೇಲೆ ಫೈನಲ್ ಮಾಡ್ತೀನಿ." ಹೊಸ ಕೇಬಲ್ ಶುರುವಿನಲ್ಲಿ ಸ್ವಲ್ಪ ಎಳೆದುಕೊಳ್ಳುತ್ತದೆ, ಬಿಗಿ ಮಾಡಿದ ಚಕ್ರದ ಕಡ್ಡಿಗಳು ಲೋಡ್ ಬಿದ್ದ ಮೇಲೆ ತಮ್ಮ ಜಾಗಕ್ಕೆ ಕೂರುತ್ತವೆ. ಅಂಗಡಿಯಲ್ಲಿ ಸರಿಯಾಗಿದ್ದ ಗೇರು ದಾರಿಯಲ್ಲಿ ಕೈಕೊಡುವುದು ಇದಕ್ಕೇ. ನಮ್ಮಕ್ಕನ ಮನೆಯಿಂದ ಅಕ್ಕಿ ತುಂಬಿಕೊಂಡು ಹೋದೆ. ನಂದಿಯ ಹತ್ತಿರ ಬರುವಷ್ಟರಲ್ಲಿ ಹಿಂದಿನ ಗೇರು ಎರಡು ಕಡೆ ತಡವರಿಸುತ್ತಿತ್ತು. ಇಳಿದು ಬಂದ ಮೇಲೆ ಯಜಮಾನರು ಕೇಬಲಿನ ತಿರುಪು ಅರ್ಧ ಸುತ್ತು ತಿರುಗಿಸಿದರು. ಅಲ್ಲಿಂದಾಚೆ ಚಿಕ್ಕಮಗಳೂರಿನ ತನಕ ಗೇರಿಗೆ ಕೈ ಹಾಕುವ ಕೆಲಸವೇ ಬರಲಿಲ್ಲ.

ದಾರಿಯ ಬಗ್ಗೆ ಸ್ವಲ್ಪ ಹೇಳಲೇಬೇಕು, ಕೆಲಸ ಹೇಗಿತ್ತು ಅಂತ ಗೊತ್ತಾಗುವುದು ಅಲ್ಲೇ ತಾನೆ. ಮೈಸೂರು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ, ಮಡಿಕೇರಿ ಸುಮಾರು 1,150. ಕುಶಾಲನಗರದ ತನಕ ರಸ್ತೆ ಹೆಚ್ಚು ತೊಂದರೆ ಕೊಡುವುದಿಲ್ಲ. ಆನೆಕಾಡು ದಾಟಿ ಸುಂಟಿಕೊಪ್ಪ ಬಿಟ್ಟ ಮೇಲೆ ಏರು ಕಾಲಿಗೆ ಗೊತ್ತಾಗುತ್ತದೆ. ಸೋಮವಾರಪೇಟೆ ಕಡೆಯ ರಸ್ತೆ ಬೇರೆ ಥರ. ಒಂದೇ ದೊಡ್ಡ ಘಾಟಿ ಅಂತಿಲ್ಲ, ಕಾಫಿ ತೋಟಗಳ ನಡುವೆ ಹತ್ತು, ಇಳಿ, ಮತ್ತೆ ಹತ್ತು. ಬಲಗೈ ಬೆರಳು ಗೇರ್ ಬದಲಾಯಿಸುತ್ತಲೇ ಇರಬೇಕು.

ಕೊಡ್ಲಿಪೇಟೆಗೆ ಸ್ವಲ್ಪ ಮುಂಚೆ ಹಿಂದಿನಿಂದ ಟಿಣ್ ಅಂತ ಸದ್ದು. ಚಕ್ರ ವಾಲಿ ಬ್ರೇಕ್ ಪ್ಯಾಡಿಗೆ ಉಜ್ಜತೊಡಗಿತು. ಬಲಗಡೆಯ ಒಂದು ಕಡ್ಡಿ ಚಕ್ರದ ನಡುವಿನ ಹಬ್ಬಿನ ಬುಡದಲ್ಲಿ, ಬಗ್ಗಿರುವ ಜಾಗದಲ್ಲೇ ತುಂಡಾಗಿತ್ತು. ಯಜಮಾನರು ಇದನ್ನು ಮೊದಲೇ ಹೇಳಿದ್ದರು. ಹಿಂದಿನ ಚಕ್ರದ ಬಲಗಡೆ ಗೇರು ಕೂತಿರುವುದರಿಂದ ಆ ಬದಿಯ ಕಡ್ಡಿಗಳು ಹೆಚ್ಚು ಬಿಗಿಯಾಗಿರುತ್ತವೆ, ಲಗೇಜಿನ ಭಾರವೂ ಹಿಂದೆಯೇ. "ನಿಮ್ಮ ಕಡ್ಡಿ ಹಳೇದು, ಒಂದೆರಡು ಹೋಗಬಹುದು" ಅಂತ ಹೇಳಿ, ಎರಡೂ ಬದಿಯ ಅಳತೆಯ ಕಡ್ಡಿಗಳನ್ನು ಫ್ರೇಮಿಗೆ ಟೇಪಿನಲ್ಲಿ ಸುತ್ತಿ ಕೊಟ್ಟಿದ್ದರು. ಬಲಗಡೆಯದು ಸ್ವಲ್ಪ ಗಿಡ್ಡ, ಅದಕ್ಕೆ ಕೆಂಪು ದಾರ ಕಟ್ಟಿದ್ದರು.

ಫ್ರೀವೀಲ್ ಬಿಚ್ಚದೆ ಬಲಗಡೆ ಕಡ್ಡಿ ಹಾಕಲು ಆಗುವುದಿಲ್ಲ. ಏರು ಹತ್ತುತ್ತಾ ಹೋದಷ್ಟೂ ಫ್ರೀವೀಲ್ ಬಿಗಿಯಾಗುತ್ತಾ ಹೋಗಿರುತ್ತದೆ, ಸಣ್ಣ ಪಾನಾಕ್ಕೆ ಜಗ್ಗುವುದಿಲ್ಲ. ಅದಕ್ಕೆ ಯಜಮಾನರು ಫ್ರೀವೀಲಿನ ಒಳಗೆ ಕೂರುವ, ಹೆಬ್ಬೆರಳು ಗಾತ್ರದ ಒಂದು ಸಾಕೆಟ್ ಕೊಟ್ಟಿದ್ದರು. "ಸೈಕಲ್ ಶಾಪ್ ಹುಡುಕಬೇಡಿ. ವೈಸ್ ಇರೋ ಬೈಕ್ ಗ್ಯಾರೇಜ್ ಹುಡುಕಿ" ಅನ್ನುವುದು ಅವರ ಮಾತು. ವೈಸ್ ಅಂದರೆ ಮೇಜಿಗೆ ಬಿಗಿದಿರುವ, ಸಾಮಾನನ್ನು ಕಚ್ಚಿ ಹಿಡಿಯುವ ಸಾಧನ. ಬ್ರೇಕ್ ಬಿಚ್ಚಿಕೊಂಡು ಸೈಕಲ್ ತಳ್ಳುತ್ತಾ ಕೊಡ್ಲಿಪೇಟೆಗೆ ಬಂದೆ. ಗ್ಯಾರೇಜಿನ ಹುಡುಗ ಆ ಸಾಕೆಟ್ ನೋಡಿರಲಿಲ್ಲ. ಅದನ್ನು ವೈಸಿಗೆ ಕಚ್ಚಿಸಿ, ಚಕ್ರವನ್ನು ಅದರ ಮೇಲೆ ಕೂರಿಸಿ, ಬಸ್ಸಿನ ಸ್ಟೇರಿಂಗಿನ ಹಾಗೆ ಇಬ್ಬರೂ ಹಿಡಿದು ಎಡಕ್ಕೆ ತಿರುಗಿಸಿದೆವು. ಎರಡನೇ ಎಳೆತಕ್ಕೆ ಬಿಟ್ಟುಕೊಂಡಿತು. ಕೆಂಪು ದಾರದ ಕಡ್ಡಿ ತೂರಿಸಿ, ಚಕ್ರ ತಲೆಕೆಳಗು ಸೈಕಲ್‌ಗೆ ಹಾಕಿ, ಬ್ರೇಕ್ ಪ್ಯಾಡನ್ನೇ ಗುರುತು ಮಾಡಿಕೊಂಡು ಕಾಲು ಕಾಲು ಸುತ್ತು ತಿರುಗಿಸಿ ಬೆಂಡ್ ತೆಗೆದೆ. "ಎಲ್ಲಿ ಕಲ್ತಿದ್ದು ಅಕ್ಕ?" ಅಂತ ಕೇಳಿದ. ಮಂಡಿ ಮೊಹಲ್ಲಾ ಅಂದೆ, ಬಹಳ ಹೆಮ್ಮೆಯಿಂದ.

ಒಬ್ಬರೇ ಹೋಗುವವರಿಗೆ ಅಂಗಡಿಯಿಂದ ಬೇಕಾಗಿರುವುದು ಇದೇ ಅಂತ ನನಗೆ ಅನಿಸುತ್ತದೆ. ದುಬಾರಿ ಸೈಕಲ್‌ನಲ್ಲೂ ಕಡ್ಡಿ ಮುರಿಯುತ್ತದೆ. ಮುರಿದಾಗ ಏನು ಮಾಡಬೇಕು ಅನ್ನುವುದನ್ನು ಕೈಗೆ ಕಲಿಸಿ ಕಳಿಸಿದರೆ ಮುಂದಿನ ಊರಿನ ತನಕ ಹೆದರಿಕೊಂಡು ತುಳಿಯಬೇಕಾಗಿಲ್ಲ.

ಮುಳ್ಳಯ್ಯನಗಿರಿ 1,930 ಮೀಟರ್, ನಮ್ಮ ರಾಜ್ಯದಲ್ಲೇ ಅತಿ ಎತ್ತರ. ಚಿಕ್ಕಮಗಳೂರಿನಿಂದ ಎಂಟುನೂರಕ್ಕೂ ಹೆಚ್ಚು ಮೀಟರ್ ಏರಬೇಕು. ಕೈಮರ ದಾಟಿದ ಮೇಲೆ 34 ಹಲ್ಲಿನ ಚಕ್ರದಿಂದ ಚೈನ್ ಇಳಿಸಿದ ನೆನಪೇ ಇಲ್ಲ. ಸೀತಾಳಯ್ಯನಗಿರಿಯ ಆಚೆಯ ಕಡಿದಾದ ತುಂಡು ಮಾತ್ರ ತಳ್ಳಿಕೊಂಡೇ ಹೋದೆ. ಇಳಿಯುವಾಗ ಯಜಮಾನರ ಬುದ್ಧಿಮಾತು ಉಪಯೋಗಕ್ಕೆ ಬಂತು. ಬ್ರೇಕ್ ಸದಾ ಒತ್ತಿಕೊಂಡೇ ಇರಬಾರದು. ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿ, ಬಿಡು, ಗಾಳಿಗೆ ರಿಮ್ ತಣ್ಣಗಾಗಲಿ. ಒತ್ತಿಕೊಂಡೇ ಇಳಿದರೆ ರಿಮ್ ಕಾದು ಟ್ಯೂಬ್ ಒಡೆಯುವ ಅಪಾಯ ಇದೆ. ನಡುನಡುವೆ ನಿಂತು ರಿಮ್ ಹತ್ತಿರ ಕೈ ತಂದು ನೋಡಿದೆ, ಬಿಸಿ ಚೆನ್ನಾಗೇ ತಾಗುತ್ತಿತ್ತು. ಮಂಜಿನಲ್ಲಿ ರಿಮ್ ಒದ್ದೆಯಾಗಿದ್ದಾಗ ಬ್ರೇಕ್ ಹಿಡಿಯಲು ಒಂದೆರಡು ಸುತ್ತು ಜಾಸ್ತಿ ಬೇಕು, ಅದಕ್ಕೆ ತಕ್ಕಂತೆ ಮೊದಲೇ ಒತ್ತಬೇಕು.

ಅಂಗಡಿಯ ಕೊರತೆಗಳೂ ಇವೆ. ಕೆಲಸ ನಿಧಾನ. ಎರಡು ದಿನ ಅಂದರೆ ನಾಲ್ಕು ಅಂತ ಲೆಕ್ಕ ಇಟ್ಟುಕೊಳ್ಳಿ. 34 ಹಲ್ಲಿನ ಫ್ರೀವೀಲ್ ಅಂಗಡಿಯಲ್ಲಿ ಇರಲಿಲ್ಲ, ಬೆಂಗಳೂರಿನಿಂದ ತರಿಸಬೇಕಾಯಿತು. ಫೋನ್ ಮಾಡಿದರೆ ಎತ್ತುವುದು ಅಪರೂಪ. ಆಯಿಲ್ ಡಿಸ್ಕ್ ಬ್ರೇಕ್, ಕಾರ್ಬನ್ ಫ್ರೇಮ್ ಇವರು ಮುಟ್ಟುವುದಿಲ್ಲ, ಮುಟ್ಟುವುದಿಲ್ಲ ಅಂತ ನೇರವಾಗಿ ಹೇಳಿಯೂ ಬಿಡುತ್ತಾರೆ. ಕೂರಲು ಒಂದೇ ಸ್ಟೂಲು, ಅದೂ ಅಲ್ಲಾಡುತ್ತದೆ.

ಶುಕ್ರವಾರ ಮಧ್ಯಾಹ್ನ ನಮಾಜಿನ ಹೊತ್ತಿಗೆ ಬಾಗಿಲು ಹಾಕಿರುತ್ತದೆ. ಭಾನುವಾರ ಬೆಳಿಗ್ಗೆ ಮಕ್ಕಳ ಸೈಕಲ್‌ಗಳ ಸಾಲು. ವಾರದ ದಿನ ಹನ್ನೊಂದರ ಮೇಲೆ ಹೋದರೆ ಯಜಮಾನರು ಮಾತಿಗೂ ಸಿಗುತ್ತಾರೆ. ಹೋಗುವಾಗ ಕ್ಯಾರಿಯರ್, ಬ್ಯಾಗು ಎಲ್ಲಾ ಕಟ್ಟಿಕೊಂಡೇ ಹೋಗಿ, ಲೋಡ್ ನೋಡದೆ ಅವರು ಕೆಲಸ ಶುರು ಮಾಡುವುದಿಲ್ಲ. ನನ್ನ ಹಿಂದಿನ ಚಕ್ರ ಈಗ ಅಲ್ಲೇ ಇದೆ. ತುಂಡಾದ ಕಡ್ಡಿ ತೋರಿಸಿದೆ. ಬುಡ ತಿರುಗಿಸಿ ನೋಡಿ, "ಒಂದು ಹೋದ್ರೆ ಮಿಕ್ಕವೂ ಹಿಂದೇನೇ ಬರ್ತವೆ" ಅಂದರು. 36 ಕಡ್ಡಿಯನ್ನೂ ಹೊಸದು ಹಾಕಿಸುತ್ತಿದ್ದೇನೆ. ಈ ಸಲ ಚಕ್ರ ಕಟ್ಟುವುದನ್ನೂ ಪಕ್ಕದಲ್ಲಿ ಕೂತು ಕಲಿಯುವುದು ಅಂತ ಮಾತಾಗಿದೆ.