ಫ್ಲೋರಿಡಾದ ಒಣ ಕಲ್ಲು: ರೀಫ್ ತೊಟ್ಟಿಯಲ್ಲಿ ಮೂರು ವರ್ಷ ಬಳಸಿದ ಮೇಲೆ

ಉಪ್ಪುನೀರಿನಲ್ಲಿ ಹವಳ ಬೆಳೆಸಲು ಹೊರಟವರು ದೀಪ, ಪಂಪ್, ಸ್ಕಿಮ್ಮರ್‌ಗಳ ಆಯ್ಕೆಗೆ ತಿಂಗಳುಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಕಲ್ಲಿನ ವಿಷಯ ಬಂದಾಗ ಮಾತ್ರ ತೂಕದ ಲೆಕ್ಕ ಹಾಕಿ ಒಂದು ಪೆಟ್ಟಿಗೆ ತರಿಸಿಬಿಡುತ್ತಾರೆ. ದೀಪ ಹಿಡಿಸದಿದ್ದರೆ ಮಾರಿ ಬೇರೆಯದನ್ನು ಕೊಳ್ಳಬಹುದು. ಕಲ್ಲು ಹಾಗಲ್ಲ. ಹವಳ ಅಂಟಿ ಹರಡಿದ ಮೇಲೆ ಅದನ್ನು ಅಲುಗಾಡಿಸುವುದೆಂದರೆ ಇಡೀ ತೊಟ್ಟಿಯನ್ನು ಬಿಚ್ಚಿ ಮತ್ತೆ ಕಟ್ಟಿದಂತೆಯೇ. ಆದ್ದರಿಂದಲೇ ಈ ವಿಮರ್ಶೆಯನ್ನು ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ನ್ಯೂಜೆರ್ಸಿಯ ನಮ್ಮ ಮನೆಯಲ್ಲಿರುವುದು 75 ಗ್ಯಾಲನ್ ತೊಟ್ಟಿ, ಅಂದರೆ ಸುಮಾರು 280 ಲೀಟರ್. ಉದ್ದ 48 ಇಂಚು, ಒಳಗಿನ ಆಳ ಕೇವಲ 18 ಇಂಚು. ಇದನ್ನು ಪೂರ್ತಿಯಾಗಿ ಫ್ಲೋರಿಡಾದ ಗಣಿಯಿಂದ ಬಂದ ಒಣ ಕಲ್ಲಿನಲ್ಲೇ ಕಟ್ಟಿ ಮೂರು ವರ್ಷ ದಾಟಿದೆ. ನನ್ನ ತೀರ್ಮಾನವನ್ನು ಮೊದಲೇ ಹೇಳುತ್ತೇನೆ: ನಮಗೆ ಬೇಕಾದ ಆಕಾರ ಕಟ್ಟಿಕೊಳ್ಳಲು ಇದಕ್ಕಿಂತ ಒಳ್ಳೆಯ ಸಾಮಗ್ರಿ ಇಲ್ಲ. ಆದರೆ ಈ ಕಲ್ಲಿನ ಜೊತೆಗೆ ಜೀವ ಬರುವುದಿಲ್ಲ. ಅದನ್ನು ಬೇರೆಯಾಗಿ ತಂದು ಸೇರಿಸದಿದ್ದರೆ ಮೊದಲ ವರ್ಷ ಬಹಳ ಕಷ್ಟದ್ದಾಗುತ್ತದೆ.

ಗಣಿಯಿಂದ ಬಂದದ್ದು ಎಂದರೆ ಸಾಮಾನ್ಯ ಕಲ್ಲಲ್ಲ. ದಕ್ಷಿಣ ಫ್ಲೋರಿಡಾದ ನೆಲವೇ ಹಳೆಯ ಸಮುದ್ರತಳ. ಅಲ್ಲಿನ ಕೀ ಲಾರ್ಗೋ ಸುಣ್ಣದಕಲ್ಲು ಸುಮಾರು 1,25,000 ವರ್ಷಗಳ ಹಿಂದೆ, ಸಮುದ್ರಮಟ್ಟ ಈಗಿನದಕ್ಕಿಂತ ಎತ್ತರದಲ್ಲಿದ್ದಾಗ ಬೆಳೆದ ಹವಳದಿಬ್ಬ. ನೀರು ಇಳಿದ ಮೇಲೆ ಅದು ನೆಲವಾಗಿ ಉಳಿಯಿತು. ಇಸ್ಲಾಮೊರಾಡಾದ ಬಳಿ ವಿಂಡ್ಲಿ ಕೀ ಎಂಬಲ್ಲಿ ಹಳೆಯ ಕಲ್ಲುಗಣಿಯೊಂದಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೀ ವೆಸ್ಟ್‌ಗೆ ಸಮುದ್ರದ ಮೇಲೆ ರೈಲುಮಾರ್ಗ ಹಾಕುವಾಗ ಅಲ್ಲಿಂದ ಕಲ್ಲು ತೆಗೆದಿದ್ದರು. 1912ರಲ್ಲಿ ಆ ರೈಲು ಕೀ ವೆಸ್ಟ್ ತಲುಪಿತು. ಈಗ ಗಣಿ ಮುಚ್ಚಿದೆ, ರಾಜ್ಯದ ಉದ್ಯಾನವಾಗಿದೆ. ಕತ್ತರಿಸಿದ ಗೋಡೆಯ ಎದುರು ನಿಂತರೆ ಒಂದಾಳು ಎತ್ತರದ ಕಲ್ಲಿನಲ್ಲಿ ಹವಳದ ಗುಂಡುಗಳು ಅಡ್ಡಕೊಯ್ತದಲ್ಲಿ ಕಾಣುತ್ತವೆ. ನಕ್ಷತ್ರ ಹವಳದ ಸಣ್ಣ ಬಟ್ಟಲುಗಳನ್ನೂ ಮಿದುಳು ಹವಳದ ಸುಳಿಗೆರೆಗಳನ್ನೂ ಕೈಯಿಂದ ಮುಟ್ಟಿ ನೋಡಬಹುದು. ರೀಫ್ ತೊಟ್ಟಿ ಇಟ್ಟವರು ಆ ಕಡೆ ಹೋದರೆ ತಪ್ಪದೆ ನೋಡಬೇಕು. ನನ್ನ ತೊಟ್ಟಿಯ ಕಲ್ಲು ಆ ಗಣಿಯದಲ್ಲ, ಆದರೆ ಅದೂ ಅಂಥದೇ ಸುಣ್ಣದಕಲ್ಲು.

ಸಮುದ್ರದಿಂದ ನೇರವಾಗಿ ತೆಗೆದ ಲೈವ್ ರಾಕ್ ಅನ್ನು, ಅಂದರೆ ಬ್ಯಾಕ್ಟೀರಿಯಾ, ಪಾಚಿ, ಸಣ್ಣ ಜೀವಿಗಳು ಮನೆಮಾಡಿರುವ ಕಲ್ಲನ್ನು, ನಾನು ಕೊಳ್ಳದಿರಲು ಎರಡು ಕಾರಣ. ಫ್ಲೋರಿಡಾದ ಆಚೆಯ, ಅಮೆರಿಕದ ಕೇಂದ್ರ ಸರ್ಕಾರದ ಅಧೀನದ ಸಮುದ್ರದಲ್ಲಿ ಸಹಜವಾಗಿ ಬೆಳೆದ ಲೈವ್ ರಾಕ್ ತೆಗೆಯುವುದನ್ನು 1997ರಿಂದ ನಿಲ್ಲಿಸಿದ್ದಾರೆ. ಈಗ ಅಲ್ಲಿಂದ ಸಿಗುವುದು ಗಣಿಯ ಕಲ್ಲನ್ನು ಪರವಾನಗಿ ಪಡೆದ ಜಾಗದಲ್ಲಿ ಸಮುದ್ರಕ್ಕೆ ಇಳಿಸಿ, ವರ್ಷಗಟ್ಟಲೆ ಬಿಟ್ಟು ಎತ್ತಿದ ಕೃಷಿ ಕಲ್ಲು. ಅದು ಅದ್ಭುತವಾದ ವಸ್ತು, ಆದರೆ ತೊಟ್ಟಿ ತುಂಬುವಷ್ಟು ತರಿಸಿದರೆ ಬೆಲೆ ಕೈಗೆಟುಕುವುದಿಲ್ಲ. ಎರಡನೆಯದು, ಜೊತೆಯಲ್ಲಿ ಬರುವ ಅತಿಥಿಗಳು: ಏಪ್ಟೇಸಿಯಾ ಎಂಬ ಕುಟುಕುವ ಎನಿಮೋನ್, ಮ್ಯಾಂಟಿಸ್ ಸೀಗಡಿ, ಹವಳ ತಿನ್ನುವ ಏಡಿಗಳು. ಇವುಗಳ ಕಾಟ ತಾಳಲಾರದೆ ಕಲ್ಲನ್ನು ಕುದಿಸಲು ಹೊರಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕಲ್ಲಿನ ಮೇಲೆ ಹವಳದ ಬಂಧುವಾದ ಪ್ಯಾಲಿಥೋವಾ ಎಂಬ ಜೀವಿ ಇದ್ದರೆ ಅದರ ಪ್ಯಾಲಿಟಾಕ್ಸಿನ್ ಎಂಬ ವಿಷ ಹಬೆಯ ಜೊತೆ ಗಾಳಿಗೆ ಸೇರಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಬೇಕಾಗಬಹುದು.

ಒಣ ಕಲ್ಲುಗಳಲ್ಲೂ ಬಗೆಗಳಿವೆ. ಸಮುದ್ರದಿಂದ ತೆಗೆದು ಒಣಗಿಸಿದ ಪುಕಾನಿಯಂಥ ಕಲ್ಲು ಹಗುರ, ತುಂಬಾ ರಂಧ್ರಗಳು, ಆದರೆ ಒಳಗೆ ಸತ್ತ ಸ್ಪಂಜು, ಹುಳುಗಳು ಉಳಿದಿರುತ್ತವೆ. ಅವು ಕೊಳೆತು ಫಾಸ್ಫೇಟ್ ಬಿಡುತ್ತಲೇ ಇರುತ್ತವೆ. ರಿಯಲ್ ರೀಫ್ ರಾಕ್ ಮುಂತಾದವು ಮನುಷ್ಯರು ತಯಾರಿಸಿದವು, ಕೊರಲೈನ್ ಪಾಚಿಯನ್ನು ಹೋಲುವ ನೇರಳೆ ಬಣ್ಣದಲ್ಲಿ ಬರುತ್ತವೆ. ಮೊದಲ ದಿನದಿಂದಲೇ ತೊಟ್ಟಿ ನೋಡಲು ಚೆನ್ನಾಗಿರಬೇಕು ಎನ್ನುವವರಿಗೆ ಅವು ಸರಿ. ನಿಜವಾದ ಕೊರಲೈನ್ ಬೆಳೆದ ಮೇಲೆ ಕೆಳಗಿನ ಬಣ್ಣ ಯಾವುದೆಂದು ಯಾರಿಗೂ ಕಾಣುವುದಿಲ್ಲ, ಹಾಗಾಗಿ ಬಣ್ಣಕ್ಕೆ ಹಣ ಕೊಡಲು ನನಗೆ ಮನಸ್ಸಾಗಲಿಲ್ಲ. ಗಣಿಯ ಕಲ್ಲು ಬೂದುಬಿಳಿ, ಒಳಗೆ ಕೊಳೆಯುವಂಥದ್ದೇನೂ ಇಲ್ಲ. ನಾನು ಕೊಂಡಾಗ ಪೌಂಡಿಗೆ 4 ಡಾಲರಿನ ಆಸುಪಾಸು.

ಅದರ ಕೊರತೆ ತೂಕ. ಪುಕಾನಿಗಿಂತ ದಟ್ಟವಾಗಿರುವುದರಿಂದ ಅಷ್ಟೇ ಜಾಗ ತುಂಬಲು ಹೆಚ್ಚು ಪೌಂಡ್ ಬೇಕು. ಗ್ಯಾಲನ್ನಿಗೆ ಒಂದರಿಂದ ಎರಡು ಪೌಂಡ್ ಎಂಬ ಹಳೆಯ ಲೆಕ್ಕ ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಬ್ಯಾಕ್ಟೀರಿಯಾ ಕೂರುವುದು ರಂಧ್ರಗಳ ಮೇಲ್ಮೈಯಲ್ಲೇ ಹೊರತು ತೂಕದಲ್ಲಲ್ಲ. ನಾನು ಗ್ಯಾಲನ್ನಿಗೆ ಒಂದು ಪೌಂಡಿಗಿಂತಲೂ ಕಡಿಮೆ ಕಲ್ಲು ಹಾಕಿದ್ದೇನೆ. ಅಮೋನಿಯಾ ಒಮ್ಮೆಯೂ ತೊಂದರೆ ಕೊಟ್ಟಿಲ್ಲ.

ಪೆಟ್ಟಿಗೆ ಬಂದಾಗ ಅರ್ಧದಷ್ಟು ದುಂಡು ಕಲ್ಲುಗಳೇ ಇದ್ದವು. ಮಾರುವವರು ಕೈಗೆ ಸಿಕ್ಕಿದ್ದನ್ನು ತುಂಬಿ ಕಳಿಸುತ್ತಾರೆ. ದುಂಡು ಕಲ್ಲು ಒಂದರ ಮೇಲೊಂದು ಕೂತರೆ ತೊಟ್ಟಿಯಲ್ಲಿ ಕಲ್ಲಿನ ರಾಶಿ ಕಾಣುತ್ತದೆಯೇ ಹೊರತು ದಿಬ್ಬ ಕಾಣುವುದಿಲ್ಲ. ಬೇಕಾದದ್ದು ಚಪ್ಪಟೆ ಹಲಗೆಯಂಥ ತುಂಡುಗಳು ಮತ್ತು ಕೈಚಾಚಿದಂತೆ ಉದ್ದವಾದವು. ಅಂಗಡಿಗೆ ಹೋಗಿ ಆರಿಸಲು ಸಾಧ್ಯವಿದ್ದರೆ ಖಂಡಿತ ಹೋಗಿ. ಇಲ್ಲವಾದರೆ ಉಳಿ, ಸುತ್ತಿಗೆ, ಕನ್ನಡಕ ಇಟ್ಟುಕೊಳ್ಳಿ. ಇಷ್ಟು ದಟ್ಟವಾದ ಕಲ್ಲು ನೇರ ಹೊಡೆತಕ್ಕೆ ಪುಡಿಯಾಗುತ್ತದೆ. ಹೊರಗೆ ಕಾಣುವ ಸಣ್ಣ ಗೆರೆಯುದ್ದಕ್ಕೂ ಉಳಿಯನ್ನು ಸರಿಸುತ್ತಾ ಮೆಲ್ಲಗೆ ಬಡಿಯುತ್ತಾ ಹೋದರೆ, ಕಲ್ಲಿನ ಸದ್ದು ಬದಲಾಗುತ್ತದೆ. ಗಟ್ಟಿ ಟಣ್ ಎನ್ನುತ್ತಿದ್ದದ್ದು ಟೊಳ್ಳು ಸದ್ದಾದಾಗ ಇನ್ನೆರಡು ಹೊಡೆತಕ್ಕೆ ತಾನಾಗಿ ಹೋಳಾಗುತ್ತದೆ. ಒಂದು ಹೋಳಿನ ಒಳಮೈಯಲ್ಲಿ ಬೆರಳ ತುದಿಯಷ್ಟಗಲದ ಹವಳದ ಬಟ್ಟಲುಗಳು ಸಾಲಾಗಿ, ಒಂದೂ ಮುರಿಯದೆ ಉಳಿದಿದ್ದವು. ಅದನ್ನು ಮುಂಭಾಗದಲ್ಲಿ, ಬೆಳಕು ನೇರ ಬೀಳುವ ಕಡೆ ಇಟ್ಟಿದ್ದೆ. ಈಗ ಅದರ ಮೇಲೆ ಹಸಿರು ಮಾಂಟಿಪೋರಾ ಹವಳ ಹರಡಿದೆ.

ಶುದ್ಧಿಯ ಬಗ್ಗೆ ಎರಡು ಮಾತು. ಗಣಿಯ ಕಲ್ಲಿಗೆ ಬ್ಲೀಚ್ ಬೇಕಿಲ್ಲ, ಕೊಳೆಯುವ ವಸ್ತು ಇಲ್ಲವಲ್ಲ. ಮಣ್ಣು, ಧೂಳು ಹೋಗುವಂತೆ ಜೋರು ನೀರಿನಲ್ಲಿ ತೊಳೆದು, ಆರ್‌ಒ ನೀರಿನಲ್ಲಿ ಪಂಪ್ ಇಟ್ಟು ಕೆಲವು ವಾರ ನೆನೆಸಿ, ಫಾಸ್ಫೇಟ್ ಅಳೆದರೆ ಸಾಕು. ಮೇಲ್ಪದರ ತೆಗೆಯಲು ಮ್ಯುರಿಯಾಟಿಕ್ ಆಸಿಡ್ ಬಳಸುವುದಾದರೆ ಬಯಲಿನಲ್ಲಿ, ಕೈಗವಸು ತೊಟ್ಟು, ನೀರಿಗೆ ಆಸಿಡ್ ಹಾಕಿ. ಆಸಿಡ್‌ಗೆ ನೀರು ಹಾಕಬೇಡಿ. ಬ್ಲೀಚ್ ಮತ್ತು ಆಸಿಡ್ ಎಂದಿಗೂ ಒಂದೇ ಬಕೆಟ್ಟಿಗೆ ಸೇರಬಾರದು, ಕ್ಲೋರಿನ್ ಅನಿಲ ಏಳುತ್ತದೆ.

ಒಣ ಕಲ್ಲಿನ ನಿಜವಾದ ಲಾಭ ಕಟ್ಟುವಾಗ ತಿಳಿಯುತ್ತದೆ. ಲೈವ್ ರಾಕ್ ಅನ್ನು ನೀರಿನಿಂದ ಹೊರಗೆ ಬಹಳ ಹೊತ್ತು ಇಡುವಂತಿಲ್ಲ, ಅವಸರದಲ್ಲಿ ಪೇರಿಸಿ ಮುಗಿಸಬೇಕು. ಒಣ ಕಲ್ಲನ್ನು ವಾರಗಟ್ಟಲೆ ಜೋಡಿಸಿ, ಕೆಡವಿ, ಮತ್ತೆ ಜೋಡಿಸಬಹುದು. ನೆಲಮಾಳಿಗೆಯ ನೆಲದ ಮೇಲೆ ಟೇಪಿನಿಂದ ತೊಟ್ಟಿಯ ಅಳತೆ ಗುರುತಿಸಿ, ನಾಲ್ಕೂ ಬದಿಗೆ ಗಾಜು ಒರೆಸುವ ಮ್ಯಾಗ್ನೆಟ್ ಓಡಾಡಲು 3–4 ಇಂಚು ಬಿಟ್ಟೆ. 18 ಇಂಚು ಆಳದಲ್ಲಿ ಅಷ್ಟು ಬಿಟ್ಟರೆ ಉಳಿಯುವುದು 10–12 ಇಂಚು ಮಾತ್ರ. ಅದಕ್ಕಾಗಿಯೇ ದುಂಡು ಕಲ್ಲು ಇಲ್ಲಿ ಕೂರುವುದಿಲ್ಲ. ಎತ್ತರ ನೀರಿನ ಮೂರನೇ ಎರಡು ಭಾಗ ಮೀರಬಾರದು, ಏಕೆಂದರೆ ಹವಳ ಮೇಲಕ್ಕೂ ಬೆಳೆಯುತ್ತದೆ. ಖಾಲಿ ತೊಟ್ಟಿಯಲ್ಲಿ ಚಂದ ಕಾಣುವ ಎತ್ತರ ಮೂರನೆಯ ವರ್ಷಕ್ಕೆ ದೀಪ ಮುಟ್ಟುತ್ತದೆ.

ಎಡಕ್ಕೆ ದೊಡ್ಡದು, ಬಲಕ್ಕೆ ಚಿಕ್ಕದು ಎಂದು ಎರಡು ದ್ವೀಪ ಮಾಡಿದ್ದೇನೆ. ನಡುವೆ ಮರಳಿನ ಖಾಲಿ ಜಾಗ. ಆ ಖಾಲಿ ಜಾಗವೇ ತೊಟ್ಟಿಯನ್ನು ದೊಡ್ಡದಾಗಿ ತೋರಿಸುತ್ತದೆ. ನೀರೂ ಎಲ್ಲ ಕಡೆ ಸುಳಿಯುತ್ತದೆ, ಕಸ ಒಂದೆಡೆ ನಿಲ್ಲುವುದಿಲ್ಲ. ಸೂಪರ್ ಗ್ಲೂ ಜೆಲ್ ಹಚ್ಚಿ, ಸಂದಿಗೆ ಕಲ್ಲಿನ ಪುಡಿ ಉದುರಿಸಿ, ಮೇಲೆ ತೆಳು ಅಂಟು ಬಿಟ್ಟರೆ ಕ್ಷಣದಲ್ಲಿ ಬಿಗಿಯುತ್ತದೆ. ಉಳಿ ಹೊಡೆದಾಗ ಬಿದ್ದ ಪುಡಿ ಇಲ್ಲೇ ಕೆಲಸಕ್ಕೆ ಬರುತ್ತದೆ, ಬಣ್ಣವೂ ಹೊಂದುತ್ತದೆ. ಭಾರ ಹೊರುವ ಸಂದುಗಳಿಗೆ ಮಾತ್ರ ರೀಫ್ ಗಾರೆ ಬಳಸಿದೆ. ಕಲ್ಲನ್ನು ಗಾಜಿನ ತಳದ ಮೇಲೆ ನೇರವಾಗಿ ಕೂರಿಸಿ, ಆಮೇಲೆ ಸುತ್ತ ಮರಳು ಸುರಿಯಬೇಕು. ಮರಳಿನ ಮೇಲೆ ಕೂರಿಸಿದರೆ ಪಿಸ್ತೂಲ್ ಸೀಗಡಿ ಅಡಿಯಲ್ಲಿ ಬಿಲ ತೋಡಿ ಇಡೀ ಕಟ್ಟಡ ವಾಲುತ್ತದೆ.

ಇನ್ನು ಕಷ್ಟದ ಭಾಗ. ಬಾಟಲಿಯ ಬ್ಯಾಕ್ಟೀರಿಯಾ, 2 ಪಿಪಿಎಂ (ಹತ್ತು ಲಕ್ಷಕ್ಕೆ ಎರಡು ಭಾಗ) ಅಮೋನಿಯಾ ಹಾಕಿ ಸೈಕಲ್, ಅಂದರೆ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ನೆಲೆಗೊಳ್ಳುವ ಹಂತ, ಮುಗಿಸುವುದು ಸುಲಭ. ಆದರೆ ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಇದ್ದ ಮಾತ್ರಕ್ಕೆ ತೊಟ್ಟಿ ಪಕ್ವವಾಗಿಲ್ಲ. ಖಾಲಿ ಬಿಳಿ ಕಲ್ಲಿನ ಮೇಲೆ ಯಾರು ಮೊದಲು ಬಂದರೋ ಅವರದೇ ಜಾಗ. ಮೊದಲು ಕಂದು ಡಯಾಟಮ್, ಆಮೇಲೆ ಹಸಿರು ಕೂದಲ ಪಾಚಿ. ಅದಕ್ಕಿಂತ ಕೆಟ್ಟದ್ದು ಡೈನೋಫ್ಲಾಜೆಲೇಟ್ (ಚಿಕ್ಕದಾಗಿ ಡೈನೋ) ಎಂಬ ಏಕಕೋಶ ಜೀವಿ. ಹೊಸ ಸುಣ್ಣದಕಲ್ಲು ನೀರಿನಲ್ಲಿರುವ ಫಾಸ್ಫೇಟನ್ನು ತನ್ನ ಮೈಗೆ ಎಳೆದುಕೊಳ್ಳುತ್ತದೆ; ಮೀನಿಗೆ ಎಷ್ಟೇ ತಿನ್ನಿಸಿದರೂ ಪರೀಕ್ಷೆಯಲ್ಲಿ ಸೊನ್ನೆ ಬರುತ್ತದೆ. ಸೊನ್ನೆ ಬಂದ ತೊಟ್ಟಿಯಲ್ಲಿ ಬೇರೆ ಪಾಚಿಗಳು ಸೋಲುತ್ತವೆ, ಡೈನೋ ಗೆಲ್ಲುತ್ತದೆ. ಮಧ್ಯಾಹ್ನದ ಹೊತ್ತಿಗೆ ಕಲ್ಲಿನ ತುದಿಗಳಲ್ಲೆಲ್ಲ ಕಂದು ಲೋಳೆ ನೂಲುಗಳು ತೂಗಾಡುತ್ತಿದ್ದವು, ಪ್ರತಿ ನೂಲಿನ ತುದಿಯಲ್ಲೂ ಒಂದು ಗಾಳಿಗುಳ್ಳೆ. ರಾತ್ರಿ ದೀಪ ಆರಿದ ಮೇಲೆ ನೋಡಿದರೆ ಕಲ್ಲು ಬಹುಪಾಲು ಶುಭ್ರ. ಸೂಕ್ಷ್ಮದರ್ಶಕದಲ್ಲಿ ಹನಿಯಾಕಾರದ ಕೋಶಗಳು ಲೋಳೆಗೆ ಅಂಟಿಕೊಂಡು ಒಂದೇ ಬಿಂದುವಿನ ಸುತ್ತ ತಿರುಗುತ್ತಿದ್ದವು: ಆಸ್ಟ್ರಿಯಾಪ್ಸಿಸ್ ಎಂಬ ಡೈನೋ. ಬಸವನಹುಳುಗಳು ಸಾಯತೊಡಗಿದವು.

ಯಾವ ಜಾತಿ ಎಂದು ತಿಳಿಯದೆ ಔಷಧಿ ಸುರಿಯುವುದು ವ್ಯರ್ಥ. ಆಸ್ಟ್ರಿಯಾಪ್ಸಿಸ್ ರಾತ್ರಿ ನೀರಿಗೆ ಏಳುವುದರಿಂದ ಯುವಿ ದೀಪಕ್ಕೆ ಸಿಕ್ಕಿಬೀಳುತ್ತದೆ. ಮರಳಿನಲ್ಲೇ ಅಡಗಿರುವ ಆಂಫಿಡಿನಿಯಂ ಎಂಬ ಇನ್ನೊಂದು ಡೈನೋಗೆ ಯುವಿ ತಾಗುವುದಿಲ್ಲ. ಯುವಿ ಹಾಕಿ, ವಿಷ ಹೀರಲು ಇದ್ದಿಲು ಇಟ್ಟು, ನೈಟ್ರೇಟನ್ನು 5–10 ಪಿಪಿಎಂಗೂ ಫಾಸ್ಫೇಟನ್ನು 0.1 ಪಿಪಿಎಂ ಹತ್ತಿರಕ್ಕೂ ಏರಿಸಿ ಹಿಡಿದೆ. ಫಾಸ್ಫೇಟ್ ಹಾಕಿದ ಮರುದಿನವೇ ಮತ್ತೆ ಸೊನ್ನೆಗಿಳಿಯುತ್ತಿತ್ತು, ಏಕೆಂದರೆ ಕಲ್ಲಿನ ಹಸಿವು ಮುಗಿದಿರಲಿಲ್ಲ. ಅದು ತಣಿದ ಮೇಲೆಯೇ ಸಂಖ್ಯೆ ನಿಂತಿತು. ಇದೇ ಗುಣ ಮುಂದೆ ತಿರುಗಿ ಬರುತ್ತದೆ ಎಂಬುದನ್ನೂ ನೆನಪಿಡಿ: ನೀರಿನ ಫಾಸ್ಫೇಟ್ ಇಳಿಸಲು ಹೊರಟರೆ ಕಲ್ಲು ತನ್ನಲ್ಲಿರುವುದನ್ನು ಮೆಲ್ಲಗೆ ಬಿಡುತ್ತಾ ಹೋಗುತ್ತದೆ. ಹಾಗೆಯೇ, ಸುಣ್ಣದಕಲ್ಲು ಪಿಎಚ್ ಅನ್ನು ತಾನೇ ಹಿಡಿದಿಡುತ್ತದೆ ಎಂಬ ಮಾತನ್ನು ನಂಬಬೇಡಿ. ರೀಫ್‌ನ 8.0–8.4 ಪಿಎಚ್‌ನಲ್ಲಿ ಈ ಕಲ್ಲು ಕರಗುವುದೇ ಇಲ್ಲ, ಆಲ್ಕಲಿನಿಟಿಯನ್ನು (ಪಿಎಚ್ ಏರಿಳಿಯದಂತೆ ತಡೆಯುವ ನೀರಿನ ಗುಣ) ನಾವೇ ತುಂಬಬೇಕು.

ತೊಟ್ಟಿ ನಿಜವಾಗಿ ತಿರುಗಿದ್ದು ಜೀವ ತಂದು ಸೇರಿಸಿದ ಮೇಲೆ. ಮೆಕ್ಸಿಕೋ ಕೊಲ್ಲಿಯಲ್ಲಿ ಕೃಷಿ ಮಾಡಿದ ಲೈವ್ ರಾಕ್‌ನ ಕೆಲವೇ ಪೌಂಡ್ ತರಿಸಿ, ಬೇರೆ ಬಕೆಟ್ಟಿನಲ್ಲಿ ಹೀಟರ್, ಪಂಪ್ ಇಟ್ಟು, ಪ್ರತಿ ರಾತ್ರಿ ಟಾರ್ಚ್ ಹಾಕಿ ಏಡಿಗಳನ್ನು ಹಿಡಿದು ತೆಗೆದು, ಆಮೇಲೆ ಸಂಪ್‌ಗೆ, ಅಂದರೆ ನೀರು ಶೋಧಿಸುವ ಪಕ್ಕದ ತೊಟ್ಟಿಗೆ, ಹಾಕಿದೆ. ಇಲ್ಲಿನ ಗೆಳೆಯರೊಬ್ಬರು ತಮ್ಮ ತೊಟ್ಟಿಯ ಗಾಜಿನಿಂದ ಕೆರೆದ ಕೊರಲೈನ್ ಚೂರುಗಳನ್ನು ಕೊಟ್ಟರು. ಕ್ಯಾಲ್ಸಿಯಂ 420 ಪಿಪಿಎಂ ಸುತ್ತ, ಆಲ್ಕಲಿನಿಟಿ ಅದರ ಅಳತೆಯಾದ ಡಿಕೆಎಚ್‌ನಲ್ಲಿ 8ರಿಂದ 9, ಮೆಗ್ನೀಸಿಯಂ 1,350 ಪಿಪಿಎಂ ಹತ್ತಿರ ಅಲುಗಾಡದಂತೆ ಇಟ್ಟಾಗ ಮೊದಲು ನೆರಳಿನ ಕಡೆ ಗುಲಾಬಿ ಚುಕ್ಕೆಗಳು ಬಂದವು. ಈಗ ಬಿಳಿ ಕಲ್ಲು ಎಲ್ಲಿಯೂ ಕಾಣುವುದಿಲ್ಲ. ಕಮಾನಿನ ಅಡಿಯಲ್ಲಿ ಸ್ಪಂಜುಗಳೂ ಸಣ್ಣ ಗರಿಹುಳುಗಳೂ ಬೆಳೆದಿವೆ, ಅಂಟಿಸಿದ ಸಂದು ಒಂದೂ ಬಿಟ್ಟಿಲ್ಲ. ಮತ್ತೊಂದು ತೊಟ್ಟಿ ಕಟ್ಟಿದರೆ ಇದೇ ಕಲ್ಲನ್ನು ಕೊಳ್ಳುತ್ತೇನೆ, ಲೈವ್ ರಾಕ್ ತುಂಡನ್ನು ಮಾತ್ರ ಸೈಕಲ್ ಮುಗಿದ ಕೂಡಲೇ ತರಿಸುತ್ತೇನೆ.

ಬೆಂಗಳೂರಿನಲ್ಲಿರುವ ನನ್ನ ಭಾವಮೈದುನ ಈಗ ಚಿಕ್ಕ ಉಪ್ಪುನೀರಿನ ತೊಟ್ಟಿ ಮಾಡಲು ಹೊರಟಿದ್ದಾನೆ. "ಭಾವ, ಮಂಗಳೂರು ಕಡೆಯಿಂದ ಕಲ್ಲು ತಂದರೆ ಆಗದೇ?" ಎಂದು ಕೇಳಿದ. ಆಗುವುದಿಲ್ಲ. ಕರಾವಳಿಯ ಕೆಂಪು ಮುರಕಲ್ಲಿನಲ್ಲಿ ಕಬ್ಬಿಣ ತುಂಬಿದೆ. ಶಹಾಬಾದ್ ಕಲ್ಲು ಸುಣ್ಣದಕಲ್ಲೇ ಆದರೂ ನೆಲಹಾಸಿನ ಚಪ್ಪಡಿಯಷ್ಟು ಗಟ್ಟಿ, ಬ್ಯಾಕ್ಟೀರಿಯಾಕ್ಕೆ ಒಳಹೋಗಲು ರಂಧ್ರವಿಲ್ಲ. ನೇತ್ರಾಣಿ, ಲಕ್ಷದ್ವೀಪ ಅಥವಾ ಮನ್ನಾರ್ ಕೊಲ್ಲಿಯ ಹವಳದ ತುಂಡು ಎಂದು ಯಾರಾದರೂ ಗುಟ್ಟಾಗಿ ಮಾರಲು ಬಂದರೆ ಮುಟ್ಟಲೇಬಾರದು. ದಿಬ್ಬ ಕಟ್ಟುವ ಹವಳಗಳೆಲ್ಲ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಸತ್ತ ಹವಳವೂ ಅದರಿಂದ ಹೊರತಲ್ಲ. ಆಮದಾದ ಗಣಿ ಕಲ್ಲನ್ನೋ ತಯಾರಿಸಿದ ಕಲ್ಲನ್ನೋ ಬಿಲ್ ಸಮೇತ ಕೊಳ್ಳಲು ಹೇಳಿದ್ದೇನೆ. ಗಣಿ ಕಲ್ಲಾದರೆ ಒಂದು ತುಂಡು ಮುರಿದು, ಒಳಮೈಗೆ ವಿನೆಗರ್ ಹನಿಸಿ ನೊರೆ ಬರುತ್ತದೆಯೇ ನೋಡಬೇಕು, ಕಬ್ಬಿಣದ ಗೆರೆಯಿದ್ದರೆ ಆ ತುಂಡನ್ನು ಹಿಂತಿರುಗಿಸಬೇಕು. ಚಪ್ಪಟೆ ತುಂಡುಗಳನ್ನೇ ಕೈಯಾರೆ ಆರಿಸಲು ಬಿಡುವ ಅಂಗಡಿಯನ್ನು ಅವನು ಈಗ ಹುಡುಕುತ್ತಿದ್ದಾನೆ.